ನೀವು ಯಾರು ಅಂತ ಕೇಳುವವನು ಯಾರು?

2024ರ ನವೆಂಬರ್ ಕೊನೆಯ ಹೊತ್ತಿಗೆ ವೈಟ್‌ಫೀಲ್ಡ್ ಕಡೆಯ ಒಬ್ಬರನ್ನು ಬ್ಯಾಂಕಿನವರು ಅಂತ ಹೇಳಿಕೊಂಡು ಯಾರೋ ವಾಟ್ಸ್ಆ್ಯಪ್‌ನಲ್ಲಿ ಸಂಪರ್ಕಿಸಿದರು. ನಿಮ್ಮ ಕ್ರೆಡಿಟ್ ಕಾರ್ಡ್ ಮಂಜೂರಾಗಿದೆ, ಅದಕ್ಕೊಂದು ಹೊಸ ಸಿಮ್ ಬೇಕು ಅಂದರು. ಡಿಸೆಂಬರ್‌ನಲ್ಲಿ ಹೊಸ ಸ್ಮಾರ್ಟ್‌ಫೋನ್ ಒಂದು ಮನೆಗೇ ಬಂತು, ಉಡುಗೊರೆ ಅಂತ. ಅವರು ಸಿಮ್ಮನ್ನು ಅದಕ್ಕೆ ಹಾಕಿದರು. ಆ ಫೋನಿನೊಳಗೆ ಕಳ್ಳ ಆ್ಯಪ್‌ಗಳನ್ನು ಮೊದಲೇ ತುಂಬಿಡಲಾಗಿತ್ತು. ಬ್ಯಾಂಕ್ ಕಳಿಸಿದ ಓಟಿಪಿಗಳೆಲ್ಲ ಕಳ್ಳರ ಕೈಗೆ ಹೋದವು. ಖಾತೆಯಿಂದ ಮಾಯವಾದದ್ದು 2.8 ಕೋಟಿ ರೂಪಾಯಿ. 2025ರ ಜನವರಿಯಲ್ಲಿ ವೈಟ್‌ಫೀಲ್ಡ್ ಸಿಇಎನ್ ಪೊಲೀಸ್ ಠಾಣೆಯಲ್ಲಿ ಕೇಸು ದಾಖಲಾಯಿತು.

ಇಂಥ ಸುದ್ದಿ ಬಂದಾಗೆಲ್ಲ ನಾವು ಆಡೋ ಮಾತು ಒಂದೇ: "ಓದಿದವರೂ ಹೀಗೆ ಮೋಸ ಹೋಗ್ತಾರಾ?" ಹೋಗ್ತಾರೆ. ಯಾಕೆ ಹೋಗ್ತಾರೆ ಅಂತ ತಿಳೀಬೇಕಾದ್ರೆ ದಡ್ಡತನ, ದುರಾಸೆ ಅನ್ನೋ ಪದಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು. ಫೋನಿನಲ್ಲಿ ಯಾರಾದರೂ ಬ್ಯಾಂಕಿನ ಹೆಸರು ಹೇಳಿದ ತಕ್ಷಣ ನಮ್ಮ ಗುರುತನ್ನು ನಾವೇ ಒಪ್ಪಿಸೋದು ನಮಗೆ ಅಂಟಿರೋ ಒಂದು ಅಭ್ಯಾಸ. ಆ ಅಭ್ಯಾಸಕ್ಕೊಂದು ಇತಿಹಾಸ ಇದೆ. ಅದರಲ್ಲಿ ಕಾಲ್ ಸೆಂಟರ್‌ಗಳ ಊರಾದ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ.

ಕಥೆ ಶುರುವಾಗೋದು ಇಲ್ಲಿಂದ ಬಹಳ ದೂರ, ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಎಂಬ ಊರಲ್ಲಿ. 1958ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಅಮೆರಿಕ ಆ ಊರಿನ ಸುಮಾರು 60,000 ಜನರಿಗೆ ಅಂಚೆಯಲ್ಲಿ ಕ್ರೆಡಿಟ್ ಕಾರ್ಡ್ ಕಳಿಸಿತು. ಯಾರೂ ಅರ್ಜಿ ಹಾಕಿರಲಿಲ್ಲ. ಲಕೋಟೆ ತೆರೆದರೆ ಕಾರ್ಡ್, ಅಷ್ಟೇ. ಆಮೇಲೆ ಇದೇ ಪ್ರಯೋಗ ರಾಜ್ಯದ ತುಂಬ ಹಬ್ಬಿತು. ಬಾಕಿ ಉಳಿಸಿಕೊಳ್ಳುವ ಖಾತೆಗಳು ಶೇ. 4ರಷ್ಟಿರಬಹುದು ಅಂತ ಬ್ಯಾಂಕ್ ಅಂದುಕೊಂಡಿತ್ತು, ಅದು ಶೇ. 22ಕ್ಕೆ ಹೋಯಿತು. ಅಂಚೆ ಪೆಟ್ಟಿಗೆಯಿಂದಲೇ ಕಾರ್ಡ್ ಕದಿಯುವವರು ಹುಟ್ಟಿಕೊಂಡರು. ಕೇಳದವರಿಗೆ ಕಾರ್ಡ್ ಕಳಿಸೋದನ್ನು ಅಮೆರಿಕ 1970ರಲ್ಲಿ ಕಾನೂನು ಮಾಡಿ ನಿಲ್ಲಿಸಿತು. ಈ ಬ್ಯಾಂಕಿನ ಕಾರ್ಡೇ ಮುಂದೆ ವೀಸಾ ಆಯಿತು.

ನಮ್ಮ ದೇಶಕ್ಕೆ 1961ರಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಬಂತು, ಅದನ್ನು ತಂದವರು ಕಾಲಿ ಮೋದಿ ಎಂಬ ಉದ್ಯಮಿ. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 'ಸೆಂಟ್ರಲ್‌ಕಾರ್ಡ್' ಹೊರತಂದಿತು. ಆ ಕಾಲದ ಕಾರ್ಡಿನ ಮೇಲೆ ಅಂಕಿಗಳು ಉಬ್ಬಿಕೊಂಡಿರುತ್ತಿದ್ದವು. ಅಂಗಡಿಯವನು ಕಾರ್ಡಿನ ಮೇಲೆ ಕಾರ್ಬನ್ ಹಾಳೆಯ ಚೀಟಿ ಇಟ್ಟು, ಇಸ್ತ್ರಿ ಮಾಡಿದ ಹಾಗೆ ಒಂದು ಯಂತ್ರವನ್ನು ಅತ್ತಿತ್ತ ಎಳೆದರೆ ನಂಬರ್ ಚೀಟಿಯಲ್ಲಿ ಅಚ್ಚಾಗುತ್ತಿತ್ತು. ನೀವು ಸಹಿ ಹಾಕಬೇಕು, ಅವನು ಅದನ್ನು ಕಾರ್ಡಿನ ಹಿಂದಿರೋ ಸಹಿಯ ಜೊತೆ ಹೋಲಿಸಬೇಕು. ಮೊತ್ತ ದೊಡ್ಡದಾದರೆ ಬ್ಯಾಂಕಿಗೆ ಫೋನ್ ಮಾಡಿ ಅನುಮತಿ ಪಡೀಬೇಕು.

ಇಲ್ಲೊಂದು ವಿಷಯ ಗಮನಿಸಿ. ಕಾರ್ಡಿನ ಚರಿತ್ರೆಯಲ್ಲಿ ಫೋನು ಮೊದಲು ಬಂದದ್ದು ಕಾವಲುಗಾರನಾಗಿ. ಕರೆ ಮಾಡುತ್ತಿದ್ದವನು ಅಂಗಡಿಯವನು. ಯಾವ ನಂಬರಿಗೆ ಮಾಡಬೇಕು ಅನ್ನೋದು ಅವನಿಗೆ ಮೊದಲೇ ಗೊತ್ತು, ಆ ಕಡೆ ಎತ್ತುವುದು ಬ್ಯಾಂಕೇ ಅನ್ನೋದೂ ಗೊತ್ತು. ಹಾಗಾಗಿ ಆ ಕರೆಯನ್ನು ನಂಬಬಹುದಿತ್ತು. ಕಳ್ಳನಿಗೆ ಕಾರ್ಡೇ ಕೈಯಲ್ಲಿರಬೇಕಿತ್ತು, ಇಲ್ಲವೇ ಕಸದಬುಟ್ಟಿಯಿಂದ ಆ ಕಾರ್ಬನ್ ಹಾಳೆ ಹೆಕ್ಕಿ ನಂಬರ್ ಓದಿಕೊಳ್ಳಬೇಕಿತ್ತು. ಅಂಚೆ ಮತ್ತು ಫೋನ್ ಮೂಲಕ ಸಾಮಾನು ತರಿಸೋದು ಶುರುವಾದ ದೇಶಗಳಲ್ಲಿ ಹಾಗೆ ಹೆಕ್ಕುವವರೂ ಇದ್ದರು. ಕಾರ್ಡ್ ಇಲ್ಲದೆ ಬರೀ ನಂಬರಿನಿಂದಲೇ ಖರೀದಿ ಆಗೋ ಕಾಲ ಬಂದಾಗ, 90ರ ದಶಕದ ಕೊನೆಯ ಹೊತ್ತಿಗೆ, ಕಾರ್ಡಿನ ಹಿಂದೆ ಮೂರಂಕಿಯ ಸಿವಿವಿ ಬಂತು.

ಈಗ ವೈಟ್‌ಫೀಲ್ಡಿಗೆ ಬರೋಣ. 1880ರ ದಶಕದಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ನೆಲೆಯಾಗಿ ಶುರುವಾದ ಊರಿದು. ನೂರು ವರ್ಷ ಹೆಚ್ಚುಕಡಿಮೆ ಹಾಗೇ ಇತ್ತು. 90ರ ದಶಕದಲ್ಲಿ ಭಾರತ ಮತ್ತು ಸಿಂಗಾಪುರದ ಜಂಟಿ ಯೋಜನೆಯಾಗಿ ಐಟಿಪಿಎಲ್ ಎದ್ದಿತು. 2000ದ ಆಚೀಚೆ ಬೆಂಗಳೂರಿಗೆ ಬಿಪಿಓ ಅಲೆ ಬಂತು. ಇವತ್ತು ನಲವತ್ತು ದಾಟಿದ ಎಷ್ಟೋ ಜನರ ಮೊದಲ ಸಂಬಳ ಬಂದದ್ದು ರಾತ್ರಿ ಪಾಳಿಯ ಕಾಲ್ ಸೆಂಟರ್‌ನಿಂದ. ಸಂಜೆ ಮನೆ ಮುಂದೆ ಸುಮೋ ಬಂದು ಹಾರ್ನ್ ಹೊಡೀತಿತ್ತು. ಅಲ್ಲಿ ಕೂತು ನಮ್ಮ ಹುಡುಗ ಹುಡುಗಿಯರು ಅಮೆರಿಕ, ಇಂಗ್ಲೆಂಡಿನ ಜನರ ಕಾರ್ಡ್ ಬಿಲ್ಲು, ಲಿಮಿಟ್ಟು, ತಕರಾರು ನೋಡಿಕೊಳ್ಳುತ್ತಿದ್ದರು.

ಅಲ್ಲಿ ಕಲಿಸುತ್ತಿದ್ದ ಸ್ಕ್ರಿಪ್ಟ್ ನೆನಪಿಸಿಕೊಳ್ಳಿ, ಅಥವಾ ಅಲ್ಲಿ ಕೆಲಸ ಮಾಡಿದವರನ್ನು ಕೇಳಿ. ಮೊದಲು ನಿಮ್ಮ ಹೆಸರು ಹೇಳು. ಕರೆ ರೆಕಾರ್ಡ್ ಆಗ್ತಿದೆ ಅನ್ನು. ಗ್ರಾಹಕರ ಗುರುತು ಪರಿಶೀಲಿಸು: ಪೂರ್ತಿ ಹೆಸರು, ಹುಟ್ಟಿದ ದಿನ, ವಿಳಾಸ. ಅವರ ಕಷ್ಟಕ್ಕೆ ಮರುಗು. ಹೋಲ್ಡ್‌ನಲ್ಲಿ ಇಡೋ ಮುಂಚೆ ಅನುಮತಿ ಕೇಳು. ಕೊನೆಯಲ್ಲಿ ದೂರಿನ ನಂಬರ್ ಕೊಡು. ಇದರಲ್ಲಿ ತಪ್ಪೇನೂ ಇಲ್ಲ. ಗ್ರಾಹಕರೇ ಬ್ಯಾಂಕಿನ ನಂಬರಿಗೆ ಕರೆ ಮಾಡಿದಾಗ ಅವರು ಯಾರು ಅಂತ ಕೇಳಲೇಬೇಕಲ್ಲ.

ಆದರೆ ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಗ್ರಾಹಕರಿಗೆ ಅದೇ ರೂಢಿಯಾಯಿತು. ಆ ರೂಢಿಯನ್ನು ಒಳಗಿನವರೇ ಬಳಸಿಕೊಳ್ಳಬಹುದು ಅನ್ನೋದು 2005ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಬಯಲಾಯಿತು. ಅಲ್ಲಿನ ಕಾಲ್ ಸೆಂಟರ್ ಒಂದರ ಕೆಲವು ನೌಕರರು ಸಹಾಯ ಮಾಡುವ ನೆಪದಲ್ಲಿ ಸಿಟಿಬ್ಯಾಂಕಿನ ಅಮೆರಿಕದ ಗ್ರಾಹಕರಿಂದ ಪಿನ್ ಪಡೆದು ಸುಮಾರು 3.5 ಲಕ್ಷ ಡಾಲರ್ ಸಾಗಿಸಿದ್ದರು. ಕಂಪ್ಯೂಟರಿಗೆ ಯಾರೂ ಕನ್ನ ಹಾಕಿರಲಿಲ್ಲ. ಗ್ರಾಹಕರು ತಾವಾಗಿಯೇ ಹೇಳಿದ್ದರು. ಮರುವರ್ಷ, 2006ರಲ್ಲಿ, ಬೆಂಗಳೂರಿನ ಸರದಿ. ಎಚ್‌ಎಸ್‌ಬಿಸಿ ಬ್ಯಾಂಕಿನ ಇಲ್ಲಿನ ಡೇಟಾ ಕೇಂದ್ರದ ನೌಕರನೊಬ್ಬ ಬ್ರಿಟನ್ನಿನ ಗ್ರಾಹಕರ ಮಾಹಿತಿ ಹೊರಗೆ ಕೊಟ್ಟ ಆರೋಪದ ಮೇಲೆ ಬಂಧಿತನಾದ. ಸುಮಾರು 20 ಗ್ರಾಹಕರ ಖಾತೆಗಳಿಂದ 2.33 ಲಕ್ಷ ಪೌಂಡ್ ಹೋಗಿತ್ತು. ಅಷ್ಟು ಹೊತ್ತಿಗೆ ಬೆಂಗಳೂರಲ್ಲಿ ಸೈಬರ್ ಅಪರಾಧಕ್ಕೇ ಅಂತ ಒಂದು ಪೊಲೀಸ್ ಠಾಣೆ ಇತ್ತು. 2001ರಲ್ಲಿ ಶುರುವಾದ ಅದು ದೇಶದಲ್ಲೇ ಅಂಥ ಮೊದಲ ಠಾಣೆ.

ಇದೇ ವರ್ಷಗಳಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಅದುವರೆಗೆ ನಾವು ಬ್ಯಾಂಕಿಗೆ ಕರೆ ಮಾಡುತ್ತಿದ್ದೆವು. ಈಗ ಬ್ಯಾಂಕೇ ನಮಗೆ ಕರೆ ಮಾಡತೊಡಗಿತು. ಲೈಫ್‌ಟೈಮ್ ಫ್ರೀ ಕಾರ್ಡ್, ಪರ್ಸನಲ್ ಲೋನ್, ಲಿಮಿಟ್ ಹೆಚ್ಚಳ. ಮೀಟಿಂಗ್‌ನಲ್ಲಿದ್ದರೂ ಕರೆ, ಊಟಕ್ಕೆ ಕೂತರೂ ಕರೆ. ಈ ಕಾಟ ಎಷ್ಟಾಯಿತು ಅಂದರೆ 2007ರಲ್ಲಿ ಟ್ರಾಯ್ 'ಕರೆ ಮಾಡಬೇಡಿ' ಪಟ್ಟಿಯನ್ನೇ ತರಬೇಕಾಯಿತು. ಕರೆಯ ದಿಕ್ಕು ತಿರುಗಿತು, ಸ್ಕ್ರಿಪ್ಟ್ ಮಾತ್ರ ತಿರುಗಲಿಲ್ಲ. ಕರೆ ಮಾಡಿದ್ದು ಅವರು, ಆದರೂ "ವೆರಿಫಿಕೇಷನ್‌ಗೋಸ್ಕರ ನಿಮ್ಮ ಡೇಟ್ ಆಫ್ ಬರ್ತ್ ಹೇಳ್ತೀರಾ?" ಅಂತ ಕೇಳೋದೂ ಅವರೇ. ನಾವು ಹೇಳಿದೆವು. "ನೀವು ಯಾರು, ಅದನ್ನ ಮೊದಲು ತೋರಿಸಿ" ಅಂತ ನಾವು ಕೇಳಲಿಲ್ಲ. ಕೇಳಿದರೂ ತೋರಿಸೋಕೆ ಅವರ ಹತ್ತಿರ ಏನೂ ಇರಲಿಲ್ಲ.

ಈ ಏಕಮುಖ ಪರಿಶೀಲನೆಯೇ ಇವತ್ತಿನ ಮೋಸದ ಕರೆಗಳ ಬುನಾದಿ. ಮೇಲಿನದೆಲ್ಲ, ಅಂದರೆ ಕೆವೈಸಿ ಮುಗೀತು, ರಿವಾರ್ಡ್ ಪಾಯಿಂಟ್ ಇವತ್ತೇ ಕೊನೆ, ಕಾರ್ಡ್ ಬ್ಲಾಕ್ ಆಗತ್ತೆ ಅನ್ನೋದೆಲ್ಲ, ಬರೀ ಬಣ್ಣ.

ಬೀಗ ಹಾಕೋ ಕೆಲಸವೂ ನಡೀತಲೇ ಇತ್ತು. ಇಂಟರ್‌ನೆಟ್ಟಿನಲ್ಲಿ ಕಾರ್ಡ್ ಬಳಸುವಾಗ ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತೂ ಬೇಕು ಅಂತ ಆರ್‌ಬಿಐ 2009ರ ಆಗಸ್ಟ್ 1ರಿಂದ ಕಡ್ಡಾಯ ಮಾಡಿತು. 2011ರಲ್ಲಿ ಫೋನ್ ಐವಿಆರ್ ಪಾವತಿಗೂ ಅದು ಬಂತು. ಹಳೇ ಮ್ಯಾಗ್ನೆಟಿಕ್ ಪಟ್ಟಿಯ ಕಾರ್ಡುಗಳ ಜಾಗದಲ್ಲಿ ಚಿಪ್ ಕಾರ್ಡ್ ಕೊಡೋಕೆ 2018ರ ಡಿಸೆಂಬರ್ ಕೊನೆಯ ಗಡುವು ಹಾಕಿತು. 2020ರಲ್ಲಿ ಆನ್‌ಲೈನ್, ವಿದೇಶಿ, ಟ್ಯಾಪ್ ವ್ಯವಹಾರಗಳನ್ನು ನಾವೇ ಆನ್ ಆಫ್ ಮಾಡೋ ಸೌಲಭ್ಯ ಕೊಡಿಸಿತು. 2022ರ ಅಕ್ಟೋಬರ್‌ನಿಂದ ಶಾಪಿಂಗ್ ಜಾಲತಾಣಗಳು ನಮ್ಮ ಕಾರ್ಡ್ ನಂಬರನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ.

ಇವೆಲ್ಲ ಒಳ್ಳೇ ಬೀಗಗಳೇ. ಅಂಗಡಿಯಲ್ಲಿ ಕಾರ್ಡ್ ನಕಲು ಮಾಡೋದು ಕಷ್ಟವಾಯಿತು, ಬರೀ ನಂಬರ್ ಕದ್ದರೆ ಇಲ್ಲಿನ ಜಾಲತಾಣಗಳಲ್ಲಿ ಕೆಲಸ ನಡೆಯದಂತಾಯಿತು. ಆದರೆ ಓಟಿಪಿ ಬಂದ ದಿನದಿಂದ ಕೊನೇ ಬೀಗದ ಕೈ ನಮ್ಮ ಜೇಬಿಗೇ ಬಂತು. ಕಳ್ಳ ಬ್ಯಾಂಕನ್ನು ಒಡೆಯಬೇಕಾಗಿಲ್ಲ, ನಮ್ಮನ್ನು ಮಾತಾಡಿಸಿದರೆ ಸಾಕು. ಜಾರ್ಖಂಡಿನ ಜಾಮತಾರಾ ಅನ್ನೋ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಹೀಗೆ. ಅಲ್ಲಿನ ಹುಡುಗರ ಕೈಯಲ್ಲಿದ್ದದ್ದು ಮೊಬೈಲು, ಒಂದಷ್ಟು ಸಿಮ್ಮು, ಮತ್ತು ಕಾಲ್ ಸೆಂಟರಿನ ಸ್ಕ್ರಿಪ್ಟು.

ಒಂದು ಕರೆಯನ್ನು ಬಿಡಿಸಿ ನೋಡೋಣ.

"ನಮಸ್ಕಾರ ಸರ್, ಕಾರ್ಡ್ ಸೆಕ್ಯುರಿಟಿ ವಿಭಾಗದಿಂದ ಮಾತಾಡ್ತಿರೋದು. ಈ ಕರೆ ರೆಕಾರ್ಡ್ ಆಗ್ತಿದೆ. ನಿಮ್ಮ ಕಾರ್ಡಲ್ಲಿ ಈಗ 49,999 ರೂಪಾಯಿ ಟ್ರಾನ್ಸಾಕ್ಷನ್ ಆಗ್ತಿದೆ, ನೀವೇ ಮಾಡ್ತಿದೀರಾ?"

"ಇಲ್ವಲ್ಲಾ!"

"ಗಾಬರಿ ಆಗ್ಬೇಡಿ ಸರ್, ನಿಲ್ಲಿಸೋಣ. ಕಾರ್ಡಿನ ಕೊನೇ ನಾಲ್ಕು ನಂಬರ್ ನಾನೇ ಹೇಳ್ತೀನಿ, ಸರಿನಾ ನೋಡಿ. ಸರಿ ಅಲ್ವಾ? ಈಗ ಕ್ಯಾನ್ಸಲ್ ಮಾಡೋಕೆ ನಿಮ್ಗೊಂದು ಕೋಡ್ ಬರತ್ತೆ, ಅದನ್ನ ಹೇಳ್ಬಿಡಿ. ಲೈನಲ್ಲೇ ಇರಿ ಸರ್, ಕಟ್ ಮಾಡಿದ್ರೆ ದುಡ್ಡು ಹೋಗ್ಬಿಡತ್ತೆ."

ಶುರುವಿನ ವಂದನೆ, ರೆಕಾರ್ಡಿಂಗ್ ಮಾತು, ಸಮಾಧಾನ ಎಲ್ಲ ಹಳೇ ಸ್ಕ್ರಿಪ್ಟಿನದೇ. ಹೊಸದಾಗಿ ಸೇರಿರೋದು ಮೂರು. ಒಂದು, ಕೊನೇ ನಾಲ್ಕಂಕಿಯನ್ನು ಅವನೇ ಹೇಳೋದು. ಆ ನಾಲ್ಕಂಕಿ ನಿಮ್ಮ ಪ್ರತಿ ಬಿಲ್ಲಿನ ಮೇಲೂ ಅಚ್ಚಾಗಿರತ್ತೆ, ಅದು ಗೊತ್ತಿರೋದು ಬ್ಯಾಂಕಿನವನು ಅನ್ನೋಕೆ ಸಾಕ್ಷಿ ಆಗಲ್ಲ. ಎರಡು, ಕ್ಯಾನ್ಸಲ್ ಮಾಡೋಕೆ ಓಟಿಪಿ. ಓಟಿಪಿ ಕೊಟ್ಟು ತಡೆಯೋ ವ್ಯವಹಾರ ಇಲ್ಲ, ಅದು ವ್ಯವಹಾರ ನಡೆಸೋಕೇ ಇರೋದು. ಮೆಸೇಜನ್ನು ಪೂರ್ತಿ ಓದಿದರೆ ಎಷ್ಟು ಮೊತ್ತ, ಯಾವ ಅಂಗಡಿಗೆ ಅಂತ ಸಾಮಾನ್ಯವಾಗಿ ಅಲ್ಲೇ ಬರೆದಿರತ್ತೆ. ಅದಕ್ಕೇ ಅವನು ಓದೋಕೆ ಬಿಡದೆ ಅಂಕಿ ಮಾತ್ರ ಕೇಳ್ತಾನೆ. ಮೂರು, ಲೈನಲ್ಲೇ ಇರಿ ಅನ್ನೋದು. ನಿಜವಾದ ಬ್ಯಾಂಕಿಗೆ ನೀವು ಕಟ್ ಮಾಡಿ ವಾಪಸ್ ಕರೆ ಮಾಡಿದರೆ ಏನೂ ನಷ್ಟ ಇಲ್ಲ. ನಷ್ಟ ಆಗೋದು ಅವನಿಗೆ ಮಾತ್ರ.

ಓಟಿಪಿ ಯಾರಿಗೂ ಹೇಳಬೇಡಿ ಅನ್ನೋ ಮಾತು ಜನರ ಕಿವಿಗೆ ಬಿದ್ದ ಮೇಲೆ ಕಳ್ಳರು ಕೇಳೋದನ್ನೇ ಕಡಿಮೆ ಮಾಡಿದರು. ನಿಮ್ಮ ಪರದೆಯನ್ನು ದೂರದಿಂದ ನೋಡೋ ಎನಿಡೆಸ್ಕ್ ಥರದ ಆ್ಯಪ್ ಹಾಕಿಸತೊಡಗಿದರು, ಅದರ ಬಗ್ಗೆ ಆರ್‌ಬಿಐ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತು. ಆಮೇಲೆ ಸ್ಟಾರ್ ಒತ್ತಿ ಒಂದು ಕೋಡ್ ಡಯಲ್ ಮಾಡಿಸಿ ನಿಮ್ಮ ಕರೆಗಳನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳೋ ಉಪಾಯ ಬಂತು. ಹಾಗೆ ಕೋಡ್ ಒತ್ತಿ ಕರೆ ತಿರುಗಿಸೋ ಸೌಲಭ್ಯವನ್ನು ಸರ್ಕಾರ 2024ರ ಏಪ್ರಿಲ್ 15ರಿಂದ ನಿಲ್ಲಿಸಿತು. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲು. ಕೊನೆಗೆ, ವೈಟ್‌ಫೀಲ್ಡಿನ ಪ್ರಕರಣದಲ್ಲಿ, ಇಡೀ ಫೋನೇ. ಆ ವ್ಯಕ್ತಿಯಿಂದ ಓಟಿಪಿ ಕೇಳೋ ಅಗತ್ಯವೇ ಬೀಳಲಿಲ್ಲ. ಹಾಗಾಗಿ 'ನಾನು ಓಟಿಪಿ ಹೇಳಲ್ಲ, ನನಗೇನೂ ಆಗಲ್ಲ' ಅನ್ನೋ ಧೈರ್ಯ ಈಗ ಸಾಲದು. ಕರೆ ಮಾಡಿದವನು ಏನು ಕೇಳಿದ ಅನ್ನೋದಕ್ಕಿಂತ, ಅವನು ಹೇಳಿದ ಹಾಗೆ ನೀವು ಏನು ಮಾಡಿದಿರಿ ಅನ್ನೋದನ್ನು ನೋಡಿಕೊಳ್ಳಬೇಕು. ಆ್ಯಪ್ ಹಾಕಿದಿರಾ, ಲಿಂಕ್ ಒತ್ತಿದಿರಾ, ಸಿಮ್ ಬದಲಾಯಿಸಿದಿರಾ?

ಇಷ್ಟೆಲ್ಲ ಯಾಕೆ ಮುಖ್ಯ ಅಂದರೆ, ಹಣ ಹೋದ ಮೇಲೆ ನಷ್ಟ ಯಾರದ್ದು ಅನ್ನೋದನ್ನು ಈ ವಿವರಗಳೇ ನಿರ್ಧರಿಸುತ್ತವೆ. ಆರ್‌ಬಿಐ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು ಕಾರ್ಡ್ ಇರೋ ಪ್ರತಿಯೊಬ್ಬರೂ ತಿಳಿದಿರಬೇಕು. ತಪ್ಪು ಬ್ಯಾಂಕಿನದಾದರೆ ನಷ್ಟವೆಲ್ಲ ಬ್ಯಾಂಕಿನದು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಬೇರೆಲ್ಲೋ ಆಗಿದೆ ಅಂದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನ ಆದರೆ ಒಂದು ಮಿತಿಯವರೆಗೆ ನಿಮ್ಮದು. ಆದರೆ ಪಿನ್ನು, ಓಟಿಪಿ ನೀವೇ ಕೊಟ್ಟಿದ್ದರೆ, ತಿಳಿಸೋವರೆಗಿನ ನಷ್ಟ ಪೂರ್ತಿ ನಿಮ್ಮದೇ. ತಿಳಿಸಿದ ಮೇಲೆ ಆಗೋದು ಬ್ಯಾಂಕಿನದು. ಗ್ರಾಹಕರ ತಪ್ಪು ಅಂತ ಸಾಬೀತು ಮಾಡೋ ಹೊಣೆಯೂ ಬ್ಯಾಂಕಿನ ಮೇಲೇ ಇದೆ.

ಇದರ ಅರ್ಥ ಸರಳ. ಓಟಿಪಿ ಹೇಳಿಬಿಟ್ಟಿದ್ದರೂ ಎಲ್ಲ ಮುಗಿದಿಲ್ಲ, ನೀವು ತಿಳಿಸೋ ಕ್ಷಣದಲ್ಲಿ ಗೆರೆ ಬೀಳತ್ತೆ. ಆದರೆ ನಮ್ಮಲ್ಲಿ ಆಗೋದೇನು? ಮೋಸ ಹೋದವರು ಮೊದಲು ಸುಮ್ಮನಾಗ್ತಾರೆ. ಟೀಮಿನವರಿಗೆ ಗೊತ್ತಾದರೆ ನಗ್ತಾರೆ, ಮನೆಯವರಿಗೆ ಗೊತ್ತಾದರೆ ಬೈತಾರೆ. ಅದೂ ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಈ ನಾಚಿಕೆ ಇನ್ನೂ ಜಾಸ್ತಿ. ಆ ಮೌನದ ಒಂದೊಂದು ಗಂಟೆಯಲ್ಲೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗೀತಿರತ್ತೆ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಬ್ಯಾಂಕಿನ ಆ್ಯಪ್‌ನಿಂದ ಅಥವಾ ಕಾರ್ಡಿನ ಹಿಂದಿರೋ ನಂಬರಿಗೆ ಕರೆ ಮಾಡಿ ಕಾರ್ಡ್ ಬ್ಲಾಕ್ ಮಾಡಿ. ದೂರಿನ ನಂಬರನ್ನು ಬರೆದಿಟ್ಟುಕೊಳ್ಳಿ, ನೀವು ಎಷ್ಟು ಹೊತ್ತಿಗೆ ತಿಳಿಸಿದಿರಿ ಅನ್ನೋದಕ್ಕೆ ಅದೇ ದಾಖಲೆ. ಹೊಸ ಆ್ಯಪ್ ಹಾಕಿದ್ದರೆ ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಕರೆ ಮಾಡಿ. ತಕ್ಷಣವೇ 1930ಕ್ಕೆ ಕರೆ ಮಾಡಿ. 2021ರಲ್ಲಿ 155260 ಅಂತ ಶುರುವಾದ ಸಹಾಯವಾಣಿಯೇ ಈಗ 1930. ನಿಮ್ಮ ದೂರು ಹಣ ಹೊರಟ ಬ್ಯಾಂಕಿಗೆ, ಅಲ್ಲಿಂದ ಹಣ ಸೇರಿದ ಬ್ಯಾಂಕಿಗೆ ಅಥವಾ ವ್ಯಾಲೆಟ್‌ಗೆ ಹೋಗತ್ತೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡೀತಾರೆ. ಮುಂದೆ ಹೋಗಿದ್ದರೆ ದೂರೂ ಅದರ ಹಿಂದೆ ಹೋಗತ್ತೆ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಅಥವಾ ನಿಮ್ಮ ವಿಭಾಗದ ಸಿಇಎನ್ ಠಾಣೆಯಲ್ಲಿ ದೂರು ಕೊಡಿ, ಬ್ಯಾಂಕಿಗೂ ಬರಹದಲ್ಲಿ ಕೊಡಿ. 30 ದಿನಗಳಲ್ಲಿ ಬ್ಯಾಂಕ್ ಸರಿಪಡಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ.

ಇವತ್ತು ಸಂಜೆಯೇ ಮಾಡಬಹುದಾದ ಕೆಲಸವೂ ಒಂದಿದೆ. ಆ್ಯಪ್ ತೆರೆದು ಕಾರ್ಡಿನ ವಿದೇಶಿ ವ್ಯವಹಾರವನ್ನು ಆಫ್ ಮಾಡಿ, ಆನ್‌ಲೈನ್ ಮಿತಿಯನ್ನು ಬೇಕಾದಷ್ಟಕ್ಕೆ ಇಳಿಸಿ. ಎಷ್ಟೋ ಹೊರದೇಶದ ಜಾಲತಾಣಗಳಲ್ಲಿ ಓಟಿಪಿ ಇಲ್ಲದೆ ಕಾರ್ಡ್ ನಂಬರ್, ಸಿವಿವಿಯಿಂದಲೇ ಖರೀದಿ ನಡೀತದೆ. ಪ್ರವಾಸಕ್ಕೆ ಹೋಗುವಾಗ ಮತ್ತೆ ಆನ್ ಮಾಡಿಕೊಂಡರಾಯಿತು.

ಕೊನೆಗೂ ಪರಿಶೀಲನೆಯ ದಿಕ್ಕು ತಿರುಗುವ ಲಕ್ಷಣ ಈಗ ಕಾಣ್ತಿದೆ. ಬ್ಯಾಂಕುಗಳು ಸೇವೆ ಮತ್ತು ವ್ಯವಹಾರದ ಕರೆಗಳನ್ನು 1600ರಿಂದ ಶುರುವಾಗೋ ನಂಬರುಗಳಿಂದಲೇ ಮಾಡಬೇಕು, ಜಾಹೀರಾತಿನ ಕರೆಗಳನ್ನು 140ರ ಸರಣಿಯಿಂದ ಮಾಡಬೇಕು ಅಂತ 2025ರ ಜನವರಿಯಲ್ಲಿ ಆರ್‌ಬಿಐ ಹೇಳಿತು. ಅಂದರೆ ಕರೆ ಮಾಡುವವನೂ ತನ್ನ ಗುರುತು ತೋರಿಸಬೇಕು. ಸಾಮಾನ್ಯ ಹತ್ತಂಕಿಯ ಮೊಬೈಲ್ ನಂಬರಿನಿಂದ 'ಬ್ಯಾಂಕಿನವರು' ಮಾತಾಡಿದರೆ ಅಲ್ಲೇ ಅನುಮಾನ ಪಡಬಹುದು. ವಾಟ್ಸ್ಆ್ಯಪ್ ಕರೆಗೆ ಈ ಸರಣಿ ಅನ್ವಯಿಸೋದಿಲ್ಲ, ಹಾಗಾಗಿ ಅಲ್ಲಿ ಬಂದ ಬ್ಯಾಂಕಿನ ಕರೆಯನ್ನು ಎತ್ತಿಕೊಂಡು ಮಾತಾಡೋ ಅಗತ್ಯವೇ ಇಲ್ಲ.

ಯಾವ ಸರಣಿಯೂ ನೆನಪಿರದಿದ್ದರೆ ಹಳೇ ಅಂಗಡಿಯವನ ಪದ್ಧತಿ ನೆನಪಿಟ್ಟುಕೊಳ್ಳಿ: ನಮಗೆ ಗೊತ್ತಿರೋ ನಂಬರಿಗೆ ನಾವೇ ಕರೆ ಮಾಡೋದು. "ಸರಿ, ನಾನೇ ಬ್ಯಾಂಕಿಗೆ ಫೋನ್ ಮಾಡಿ ವಿಚಾರಿಸ್ತೀನಿ" ಅಂತ ಹೇಳಿ ಇಟ್ಟುಬಿಡಿ. ಆ ಕಡೆಯವರು ಚೆಂದದ ಕನ್ನಡ ಮಾತಾಡಲಿ, "ನಾನೂ ಹಾಸನದ ಕಡೆಯವನೇ ಸರ್" ಅನ್ನಲಿ, ಇಟ್ಟುಬಿಡಿ. ಮಾತಾಡ್ತಿರೋರ ಮುಖಕ್ಕೆ ಫೋನ್ ಇಡೋದು ಮರ್ಯಾದೆ ಅಲ್ಲ ಅಂತ ಬೆಳೆದವರು ನಾವು, ನಿಜ. ಬ್ಯಾಂಕಿನವರೇ ಆಗಿದ್ದರೆ ಅವರು ಬೇಜಾರು ಮಾಡಿಕೊಳ್ಳಲ್ಲ.

ಊರಲ್ಲಿರೋ ಅಪ್ಪ ಅಮ್ಮನ ಕೈಯಲ್ಲಿ ನಿಮ್ಮದೇ ಆ್ಯಡ್-ಆನ್ ಕಾರ್ಡ್ ಇದ್ದರೆ ಇದನ್ನು ಅವರಿಗೂ ಹೇಳಿ. ಕಾರ್ಡಿನ ಹಿಂದಿನ ನಂಬರನ್ನು ಅವರ ಫೋನಿನಲ್ಲಿ ಬ್ಯಾಂಕಿನ ಹೆಸರಿನಲ್ಲೇ ಸೇವ್ ಮಾಡಿಕೊಡಿ, 1930 ಕೂಡ. ಜೊತೆಗೆ ಇನ್ನೊಂದು ಮಾತೂ ಹೇಳಿ: ಏನಾದರೂ ಆದರೆ ಮೊದಲು ನನಗೆ ಫೋನ್ ಮಾಡಿ, ನಾನು ಬೈಯಲ್ಲ.